ಪಶ್ಚಿಮ ಆಫ್ರಿಕಾದ ಸಂಗೀತಗಾರರ ಒಡನಾಟಕ್ಕೆ ಒಂದು ಸಮಗ್ರ ಮಾರ್ಗದರ್ಶಿ

ಪಶ್ಚಿಮ ಆಫ್ರಿಕಾದ ಸಂಗೀತವನ್ನು ತಾವು ಎಂದೂ ಕೇಳಿಲ್ಲವೆಂದು ಹೇಳುವ ಕನ್ನಡಿಗರಲ್ಲಿ ಹಲವರು ಅದನ್ನು ತಮಗೆ ತಿಳಿಯದೆಯೇ ಕೇಳಿದ್ದಾರೆ. 1990ರ ಆಸುಪಾಸಿನಲ್ಲಿ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಮೊಳಗುತ್ತಿದ್ದ, ಬಪ್ಪಿ ಲಾಹಿರಿ ಸಂಗೀತದ 'ತಮ್ಮಾ ತಮ್ಮಾ' ಎಂಬ ಹಿಂದಿ ಹಾಡಿನ ಧಾಟಿ ಗಿನಿ ದೇಶದ ಗಾಯಕ ಮೋರಿ ಕಾಂತೆಯವರ 'ತಮಾ' ಎಂಬ ಹಾಡಿನದು. ಅದರ ಬೆನ್ನಿಗೇ ಬಂದ 'ಜುಮ್ಮಾ ಚುಮ್ಮಾ'ದಲ್ಲಿಯೂ ಅವರ ಹಾಡಿನ ನೆರಳು ಎದ್ದು ಕಾಣುತ್ತದೆ. ಮೂಲ ಹಾಡಿರುವ 'ಅಕ್ವಾಬಾ ಬೀಚ್' ಆಲ್ಬಮ್ 1987ರದು. ಅದರದೇ ಮತ್ತೊಂದು ಹಾಡು 'ಯೆಕೆ ಯೆಕೆ' ಆ ಕಾಲದಲ್ಲಿ ಯುರೋಪಿನ ನೃತ್ಯಶಾಲೆಗಳನ್ನೆಲ್ಲ ಗೆದ್ದಿತ್ತು. ಇಂದಿನ ಕಿರಿಯರಿಗಾದರೆ ನೈಜೀರಿಯಾದ ರೇಮಾ ಹಾಡಿದ 'ಕಾಮ್ ಡೌನ್' ಮೊಬೈಲಿನ ಕಿರು ವಿಡಿಯೊಗಳ ಮೂಲಕವೇ ಪರಿಚಿತ. ಎಂದರೆ ಬಾಗಿಲು ಆಗಲೇ ತೆರೆದಿದೆ. ಒಳಗೆ ಹೋಗುವ ಕ್ರಮವೊಂದು ಬೇಕಷ್ಟೆ.

ಆ ಕ್ರಮದ ವಿಷಯದಲ್ಲಿ ನನ್ನ ಹಟ ಒಂದೇ. ಹಾಡುಗಳ ರಾಶಿಯನ್ನು ಬೆನ್ನಟ್ಟಬಾರದು, ಮನುಷ್ಯರನ್ನು ಹಿಂಬಾಲಿಸಬೇಕು. 'ಆಫ್ರಿಕನ್ ಸಂಗೀತದ ನೂರು ಅತ್ಯುತ್ತಮ ಹಾಡುಗಳು' ಎಂಬಂಥ ಪಟ್ಟಿಯನ್ನು ಹಾಕಿಕೊಂಡು ಕುಳಿತವರಿಗೆ ಎರಡು ಗಂಟೆಯ ನಂತರ ಉಳಿಯುವುದು ಒಂದು ಬಗೆಯ ಹಿತವಾದ ಮಂಕು ಮಾತ್ರ, ಏಕೆಂದರೆ ಭಾಷೆ, ತಾಳ, ಪರಂಪರೆ ಎಲ್ಲವೂ ಮೂರು ನಿಮಿಷಕ್ಕೊಮ್ಮೆ ಬದಲಾಗುತ್ತಿದ್ದರೆ ಕಿವಿ ಎಲ್ಲಿಯೂ ಬೇರೂರುವುದಿಲ್ಲ. ಒಬ್ಬ ಕಲಾವಿದರ ಒಂದು ಆಲ್ಬಮ್ಮಿನಲ್ಲಿ ವಾರಗಟ್ಟಲೆ ನಿಂತು, ಅದರಲ್ಲಿ ಜೊತೆಗೆ ನುಡಿಸಿದವರು ಯಾರು, ಅವರ ತಂದೆ ಯಾರು, ಅವರು ಮೊದಲು ಯಾವ ತಂಡದಲ್ಲಿದ್ದರು ಎಂದು ಕೇಳುತ್ತ ಮುಂದಿನ ಮನೆಗೆ ಹೋಗುವುದು ಉತ್ತಮ. ಈ ಪ್ರದೇಶದ ಸಂಗೀತವೇ ನಂಟಸ್ತಿಕೆಯ ಮೇಲೆ ನಿಂತಿರುವುದರಿಂದ ಈ ದಾರಿಯಲ್ಲಿ ಹೋದವರು ಕಳೆದುಹೋಗುವುದಿಲ್ಲ.

ಮೊದಲಿಗೆ ಒಂದು ನದಿಯನ್ನು ನೆನಪಿಡಿ

ದೇಶಗಳ ಹೆಸರುಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ನೈಜರ್ ನದಿಯ ಹರಿವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು. ಅದು ಗಿನಿಯ ಎತ್ತರದ ಪ್ರದೇಶದಲ್ಲಿ ಹುಟ್ಟಿ, ಸಮುದ್ರಕ್ಕೆ ಬೆನ್ನು ಮಾಡಿ ಈಶಾನ್ಯಕ್ಕೆ ಹರಿದು, ಮಾಲಿ ದೇಶದ ರಾಜಧಾನಿ ಬಮಾಕೊವನ್ನು ದಾಟಿ, ಟಿಂಬಕ್ಟುವಿನ ಬಳಿ ಸಹಾರಾ ಮರುಭೂಮಿಯ ಅಂಚನ್ನು ಮುಟ್ಟಿ, ಅಲ್ಲಿಂದ ದೊಡ್ಡ ಬಿಲ್ಲಿನಂತೆ ಬಾಗಿ ನೈಜರ್ ಮತ್ತು ನೈಜೀರಿಯಾ ದೇಶಗಳ ಮೂಲಕ ಸಮುದ್ರವನ್ನು ಸೇರುತ್ತದೆ. ಮೇಲ್ಹರಿವಿನಲ್ಲಿ ಕೋರಾ ಎಂಬ ತಂತಿವಾದ್ಯ, ಮರದ ಪಟ್ಟಿಗಳನ್ನು ಬಡಿದು ನುಡಿಸುವ ಬಲಫೋನ್ ಮತ್ತು ವಂಶಪರಂಪರೆಯ ಗಾಯಕರ ಮಾಂಡೆ ನಾಡು. ಬಾಗಿನಲ್ಲಿ ಸೊಂಘಾಯ್ ಮತ್ತು ತುವಾರೆಗ್ ಜನರ ಗಿಟಾರು. ಕೆಳಹರಿವಿನಲ್ಲಿ ಹೌಸಾ, ಯೊರುಬಾ, ಇಗ್ಬೊ ಜನರ ನೈಜೀರಿಯಾ. ನದಿಗೆ ಸೇರದೆ ಅಟ್ಲಾಂಟಿಕ್ ಕರಾವಳಿಯ ಕಡೆಗೆ ಉಳಿಯುವ ಸೆನೆಗಲ್, ಗ್ಯಾಂಬಿಯಾ, ಘಾನಾ ಮತ್ತು ದ್ವೀಪದೇಶ ಕೇಪ್ ವರ್ಡಿಗಳನ್ನು ಅದರ ಸುತ್ತ ಹಾಕಿಕೊಂಡರೆ ನಕ್ಷೆ ಮುಗಿಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಆರಂಭದಲ್ಲಿಯೇ ನಿವಾರಿಸಿಕೊಳ್ಳುವುದು ಲೇಸು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಜನರ ಡಮಾಮಿ ವಾದ್ಯದ ನೆನಪಿನಿಂದ ಕೆಲವರು ಈ ಸಂಗೀತಕ್ಕೂ ಅದಕ್ಕೂ ನೇರ ಸಂಬಂಧವನ್ನು ಕಲ್ಪಿಸುತ್ತಾರೆ. ಸಿದ್ದಿಗಳ ಪೂರ್ವಿಕರು ಮುಖ್ಯವಾಗಿ ಪೂರ್ವ ಮತ್ತು ಆಗ್ನೇಯ ಆಫ್ರಿಕಾದಿಂದ ಬಂದವರು. ಸೆನೆಗಲ್ ದೇಶದ ಡಾಕರ್ ನಗರಕ್ಕೂ ಮೊಜಾಂಬಿಕ್‌ಗೂ ನಡುವೆ ಇಡೀ ಖಂಡದ ಅಗಲವೇ ಇದೆ.

ಒಂದು ಆಲ್ಬಮ್, ಎರಡು ವಾರ

ನನ್ನನ್ನು ಕೇಳಿದರೆ ಆರಂಭಕ್ಕೆ 2005ರ 'ಇನ್ ದ ಹಾರ್ಟ್ ಆಫ್ ದ ಮೂನ್' ಎಂಬ ಆಲ್ಬಮ್ಮನ್ನೇ ಹೇಳುತ್ತೇನೆ. ಅದರಲ್ಲಿ ಗಿಟಾರ್ ನುಡಿಸಿದವರು ಮಾಲಿಯ ಉತ್ತರದ ನಿಯಾಫುಂಕೆ ಎಂಬ ಊರಿನ ಅಲಿ ಫರ್ಕಾ ತೂರೆ (1939–2006). ಕೋರಾ ನುಡಿಸಿದವರು ಬಮಾಕೊದ ತೂಮಾನಿ ದಿಯಾಬಾತೆ (1965–2024). ನೈಜರ್ ನದಿಯ ದಡದ ಹೋಟೆಲೊಂದರ ಕೋಣೆಯಲ್ಲಿ, ಪೂರ್ವತಯಾರಿಯಿಲ್ಲದೆ ಎದುರುಬದುರು ಕುಳಿತು ನುಡಿಸಿದ ಸಂಗೀತ ಅದು. ಮೊದಲ ಹಾಡು 'ದೆಬೆ'ಯಲ್ಲಿ ಗಿಟಾರು ಒಂದೇ ನಡಿಗೆಯನ್ನು ಬಿಡದೆ ಹಿಡಿದಿರುತ್ತದೆ; ಅದರ ಮೇಲೆ ಕೋರಾ ಹನಿಹನಿಯಾಗಿ ಇಳಿಯುತ್ತ, ಕೆಲವೊಮ್ಮೆ ಒಮ್ಮೆಗೇ ಸುರಿದು ನಿಲ್ಲುತ್ತದೆ.

ಮೊದಲ ಬಾರಿ ನಾನು ಇದನ್ನು ಹಾಕಿದ್ದು ತರಕಾರಿ ಹೆಚ್ಚುವಾಗ ಹಿನ್ನೆಲೆಗೆಂದು. ಹಿನ್ನೆಲೆಗೆ ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ, ಮುಗಿದದ್ದೇ ಗೊತ್ತಾಗಲಿಲ್ಲ. 'ಹಿತವಾಗಿದೆ, ಆದರೆ ಏನೂ ನಡೆಯುವುದಿಲ್ಲ' ಎಂದು ತೀರ್ಪು ಕೊಟ್ಟು ಒಂದು ವರ್ಷ ಅದನ್ನು ಮುಟ್ಟಲಿಲ್ಲ. ಅದು ನನ್ನ ಕಿವಿಯ ಅವಿವೇಕವಾಗಿತ್ತು. ರಾಗವೊಂದು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವುದನ್ನೂ ಪಲ್ಲವಿಯಿಂದ ಚರಣಕ್ಕೆ ದಾಟುವುದನ್ನೂ ನಿರೀಕ್ಷಿಸುವವರಿಗೆ ಸುತ್ತಿ ಸುತ್ತಿ ಬಂದಲ್ಲಿಗೇ ಬರುವ ಈ ಸಂಗೀತ ನಿಂತ ನೀರಿನಂತೆ ತೋರುವುದು ಸಹಜ.

ಆದ್ದರಿಂದ ಕೇಳುವ ಕ್ರಮವನ್ನು ಹೀಗೆ ಇಟ್ಟುಕೊಳ್ಳಿ. ಮೊದಲ ಮೂರ್ನಾಲ್ಕು ದಿನ ಇಡೀ ಆಲ್ಬಮ್ಮನ್ನು ಬೇರೆ ಕೆಲಸದ ನಡುವೆಯೇ ಕೇಳಿ, ಧಾಟಿಗಳು ತಾವಾಗಿ ನಾಲಿಗೆಯ ಮೇಲೆ ಬರುವವರೆಗೆ ಕಾಯಿರಿ. ಆಮೇಲೆ ಒಂದೇ ಹಾಡನ್ನು ಆರಿಸಿಕೊಂಡು ದಿನಕ್ಕೊಮ್ಮೆ, ಒಳ್ಳೆಯ ಹೆಡ್‌ಫೋನಿನಲ್ಲಿ, ಬೇರೇನೂ ಮಾಡದೆ ಕೇಳಿ. ಮೊಬೈಲಿನ ಸ್ಪೀಕರಿನಲ್ಲಿ ಕೋರಾದ ಕೆಳಗಿನ ತಂತಿಗಳ ನಾದ ಹೆಚ್ಚುಕಡಿಮೆ ಕಾಣೆಯಾಗುತ್ತದೆ, ಕೆಳಗಿನ ತಂತಿಗಳಿಲ್ಲದ ಕೋರಾ ಎಂದರೆ ಬರಿಯ ಗೆಜ್ಜೆಯ ಸದ್ದು. ಒಂದು ದಿನ ಗಿಟಾರನ್ನು ಮಾತ್ರ ಹಿಂಬಾಲಿಸಿ. ಮರುದಿನ ಕೋರಾವನ್ನು ಮಾತ್ರ. ಮೂರನೆಯ ದಿನ ಇಬ್ಬರಲ್ಲಿ ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂಬುದನ್ನು ಗಮನಿಸಿ.

ಕೋರಾದ ಎರಡು ಪದರಗಳನ್ನು ಬಿಡಿಸಿ ಕೇಳುವುದು

ಕೋರಾ ಎಂದರೆ ದೊಡ್ಡ ಸೋರೆಬುರುಡೆಯ ಅರ್ಧಭಾಗಕ್ಕೆ ಹಸುವಿನ ಚರ್ಮವನ್ನು ಬಿಗಿದು, ಉದ್ದನೆಯ ಮರದ ದಂಡವನ್ನು ತೂರಿಸಿ, ಎತ್ತರದ ಕುದುರೆಯ (ತಂತಿಗಳನ್ನು ಹೊರುವ ಮರದ ತುಂಡಿನ) ಎರಡೂ ಬದಿಗೆ ಒಟ್ಟು 21 ತಂತಿಗಳನ್ನು ಕಟ್ಟಿದ ವಾದ್ಯ. ಮೊದಲು ತೊಗಲಿನ ಎಳೆಗಳಿದ್ದವು, ಈಗ ಮೀನು ಹಿಡಿಯುವ ಗಾಳದ ನೈಲಾನ್ ದಾರ. ವಾದಕ ಬುರುಡೆಯನ್ನು ತನ್ನ ಕಡೆಗೆ ಮುಖ ಮಾಡಿಕೊಂಡು, ಎರಡು ಹಿಡಿಗಳನ್ನು ಉಳಿದ ಬೆರಳುಗಳಿಂದ ಹಿಡಿದು, ಎರಡೂ ಕೈಗಳ ಹೆಬ್ಬೆರಳು ಮತ್ತು ತೋರುಬೆರಳುಗಳಿಂದ ಮಾತ್ರ ಮೀಟುತ್ತಾನೆ. ಎಂದರೆ ನಾವು ಕೇಳುವುದೆಲ್ಲವೂ ನಾಲ್ಕು ಬೆರಳುಗಳ ಕೆಲಸ. ನಮ್ಮ ವೀಣೆಯಲ್ಲಿರುವಂತೆ ಮೆಟ್ಟಿಲುಗಳ ಮೇಲೆ ತಂತಿಯನ್ನು ಎಳೆಯುವುದಕ್ಕೆ ಇಲ್ಲಿ ಅವಕಾಶವಿಲ್ಲವಾದ್ದರಿಂದ ಗಮಕವೂ ಇಲ್ಲ, ಅದನ್ನು ಹುಡುಕಬೇಡಿ.

ಹುಡುಕಬೇಕಾದದ್ದು ಎರಡು ಪದರಗಳನ್ನು. ಒಂದು ಕುಂಬೆಂಗೊ: ಹೆಬ್ಬೆರಳುಗಳ ಆಸರೆಯಲ್ಲಿ ಸುತ್ತುತ್ತಿರುವ, ಹಾಡಿಗೆ ಗುರುತನ್ನು ಕೊಡುವ ಪುನರಾವರ್ತನೆಯ ನಡೆ. ಇನ್ನೊಂದು ಬಿರಿಮಿಂತಿಂಗೊ: ಆ ನಡೆಯ ನಡುವೆ ಬಿಡುವು ಸಿಕ್ಕಾಗ ಮೇಲಿನಿಂದ ಜಾರಿ ಬರುವ ವೇಗದ ಸ್ವರಗುಚ್ಛ. ಹೊಸ ಕೇಳುಗರು ಬಿರಿಮಿಂತಿಂಗೊಗೆ ಮರುಳಾಗುತ್ತಾರೆ, ಪಳಗಿದವರು ಕುಂಬೆಂಗೊವನ್ನು ಕೇಳುತ್ತಾರೆ. ನಡೆ ಒಂದೇ ಎಂದು ತೋರಿದರೂ ವಾದಕ ಅದರಲ್ಲಿ ಒಂದು ಸ್ವರವನ್ನು ಬಿಟ್ಟು, ಇನ್ನೊಂದನ್ನು ಅರೆಘಳಿಗೆ ತಡಮಾಡಿ, ಒತ್ತನ್ನು ಅತ್ತಿತ್ತ ಸರಿಸುತ್ತಲೇ ಇರುತ್ತಾನೆ. ಇದನ್ನು ಕಿವಿ ಹಿಡಿದ ದಿನವೇ 'ಏನೂ ನಡೆಯುವುದಿಲ್ಲ' ಎಂಬ ದೂರು ನಿಲ್ಲುತ್ತದೆ.

ಇದಕ್ಕೆ ಪಾಠಪುಸ್ತಕದಂತಹ ಧ್ವನಿಮುದ್ರಣವೆಂದರೆ ತೂಮಾನಿಯವರ 1988ರ 'ಕಾಯಿರಾ'. ಒಬ್ಬರೇ ವಾದಕ, ಒಂದೇ ಕೋರಾ. ಮಂದ್ರ, ನಡೆ, ವಿಸ್ತಾರ ಮೂರನ್ನೂ ಅವರೊಬ್ಬರೇ ನುಡಿಸುತ್ತಾರೆಂದು ನಂಬಲು ಕಷ್ಟವಾಗುತ್ತದೆ. ಅನಂತರ 1999ರ 'ನ್ಯೂ ಏನ್ಷಿಯೆಂಟ್ ಸ್ಟ್ರಿಂಗ್ಸ್' ಕೇಳಿ. ತೂಮಾನಿ ಮತ್ತು ಬಲ್ಲಾಕೆ ಸಿಸ್ಸೋಕೋ ಇಬ್ಬರೂ 1997ರ ಸೆಪ್ಟೆಂಬರ್ 22ರಂದು, ಮಾಲಿಯ ಸ್ವಾತಂತ್ರ್ಯ ದಿನದಂದು, ಬಮಾಕೊದ ಸಭಾಭವನದಲ್ಲಿ ಇದನ್ನು ನುಡಿಸಿದರು. ಇವರಿಬ್ಬರ ತಂದೆಯರೂ 1970ರಲ್ಲಿ ಕೋರಾದ ಐತಿಹಾಸಿಕ ಧ್ವನಿಮುದ್ರಣವೊಂದರಲ್ಲಿ ಜೊತೆಯಾಗಿದ್ದವರು. ಆಲ್ಬಮ್ಮಿನ ಹೆಸರಿನ 'ಹೊಸ' ಎಂಬ ಮಾತು ಆ ಹಳೆಯ ಧ್ವನಿಮುದ್ರಣವನ್ನೇ ಕುರಿತದ್ದು. ಎಡಕಿವಿಯ ಕೋರಾ ಯಾರದು, ಬಲಕಿವಿಯದು ಯಾರದು ಎಂದು ಗುರುತಿಸುವುದು ಒಂದು ತಿಂಗಳ ಮಟ್ಟಿಗೆ ಸಾಕಾಗುವ ಆಟ.

ಕರ್ನಾಟಕ ಸಂಗೀತ ಬಲ್ಲವರಿಗೆ ಒಂದು ಕೈಮರ. ಕೋರಾದ ಪ್ರಸಿದ್ಧ ಶ್ರುತಿಗಳಲ್ಲಿ ಒಂದಾದ 'ಸೌತಾ'ದಲ್ಲಿ ಮಧ್ಯಮ ಏರಿರುತ್ತದೆ, ಆದ್ದರಿಂದ ಅದು ಕಲ್ಯಾಣಿಯ ಸ್ವರಸ್ಥಾನಗಳನ್ನು ನೆನಪಿಸುತ್ತದೆ. 'ಹಾರ್ದಿನೊ' ಶಂಕರಾಭರಣದ ಹತ್ತಿರ ನಿಲ್ಲುತ್ತದೆ. ಸ್ವರಗಳ ಅಂತರಗಳು ತಾಳೆಯಾಗುವುದಿಲ್ಲ, ರಾಗಭಾವವಂತೂ ಇಲ್ಲಿ ಇಲ್ಲವೇ ಇಲ್ಲ. ಹೋಲಿಕೆಯನ್ನು ಒಳಗೆ ಹೋಗುವವರೆಗೆ ಮಾತ್ರ ಬಳಸಿ, ಮೆಟ್ಟಿನಂತೆ ಹೊರಗೆ ಬಿಡುವುದು ಉಚಿತ.

ಮನೆತನದ ಹೆಸರುಗಳನ್ನು ಓದುವ ಬಗೆ

ದಿಯಾಬಾತೆ, ಕುಯಾತೆ, ಸಿಸ್ಸೋಕೋ, ಕಾಂತೆ ಎಂಬ ಹೆಸರುಗಳು ಮತ್ತೆ ಮತ್ತೆ ಎದುರಾಗುವುದನ್ನು ಕಂಡು ಇವರೆಲ್ಲರೂ ಅಣ್ಣತಮ್ಮಂದಿರೇ ಎಂಬ ಸಂಶಯ ಬರುತ್ತದೆ. ಇವು ಜೆಲಿಗಳ ಕುಲನಾಮಗಳು. ಫ್ರೆಂಚರು 'ಗ್ರಿಯೊ' ಎಂದು ಕರೆದ ಜೆಲಿಗಳು ಮಾಂಡೆ ಸಮಾಜದಲ್ಲಿ ವಂಶಾವಳಿ, ಚರಿತ್ರೆ, ಸ್ತುತಿ, ಸಂಧಾನಗಳ ಹೊಣೆ ಹೊತ್ತವರು. 13ನೆಯ ಶತಮಾನದಲ್ಲಿ ಮಾಲಿ ಸಾಮ್ರಾಜ್ಯವನ್ನು ಕಟ್ಟಿದ ಸುಂಜಾತಾ ಕೇಯ್ತಾನ ಕಥೆ ಇಂದಿಗೂ ಉಳಿದಿರುವುದು ಇವರ ಬಾಯಿಯಲ್ಲಿ. ಮಂಟೇಸ್ವಾಮಿಯ ಕಥೆ ಹಾಡುವ ನಮ್ಮ ನೀಲಗಾರರನ್ನು ನೆನೆದರೆ ಚಿತ್ರ ಸ್ವಲ್ಪ ಸ್ಪಷ್ಟವಾಗುತ್ತದೆ, ಆದರೆ ವ್ಯತ್ಯಾಸವೂ ದೊಡ್ಡದು: ನೀಲಗಾರರಾಗುವುದು ದೀಕ್ಷೆಯಿಂದ, ಜೆಲಿಯಾಗುವುದು ಹುಟ್ಟಿನಿಂದ.

ಇದರ ಇನ್ನೊಂದು ಮುಖವೇ ಸಾಲಿಫ್ ಕೇಯ್ತಾ ಅವರ ಬದುಕು. 1949ರಲ್ಲಿ ಜೋಲಿಬಾ ಎಂಬ ಊರಿನಲ್ಲಿ ಹುಟ್ಟಿದ ಅವರು ಸುಂಜಾತಾನ ವಂಶದವರು. ಸ್ತುತಿಯನ್ನು ಕೇಳಬೇಕಾದ ಕುಲದವನು ತಾನೇ ಹಾಡುವುದೆಂದರೆ ಮನೆತನಕ್ಕೆ ಅಪಮಾನ; ಜೊತೆಗೆ ಅವರ ಮೈಬಣ್ಣ ಹುಟ್ಟಿನಿಂದಲೇ ಬಿಳಿಚಿದ್ದು, ಅದನ್ನು ಅಪಶಕುನವೆಂದು ಭಾವಿಸುವ ಜನರ ನಡುವೆ ಬೆಳೆದವರು. ಅವರ 1987ರ 'ಸೊರೊ' ಆಲ್ಬಮ್ಮಿನಲ್ಲಿ ಆ ಕಾಲದ ಕೀಬೋರ್ಡುಗಳ ಸದ್ದು ಇಂದು ಸ್ವಲ್ಪ ಹಳಸಿದಂತೆ ಕೇಳಿದರೂ ಅದರ ಮೇಲೆ ಏರುವ ಕಂಠ ಹಳಸಿಲ್ಲ. ಆದರೂ ನಾನು ಹೊಸಬರಿಗೆ ಹೇಳುವುದು 2002ರ 'ಮೊಫೂ'. ಅದರಲ್ಲಿ ಮರದ ವಾದ್ಯಗಳ ನಡುವೆ ಕಂಠಕ್ಕೆ ಉಸಿರಾಡಲು ಜಾಗವಿದೆ.

ಹೆಸರುಗಳ ಬಗ್ಗೆ ಒಂದು ಉಪಯುಕ್ತ ಸೂಚನೆಯೂ ಬೇಕು, ಏಕೆಂದರೆ ಹುಡುಕುವಾಗ ಹೆಚ್ಚಿನವರು ಸೋಲುವುದು ಇಲ್ಲಿಯೇ. ಮಾಲಿ, ಗಿನಿ, ಸೆನೆಗಲ್ ಫ್ರೆಂಚರ ಆಳ್ವಿಕೆಯಲ್ಲಿದ್ದವು, ಗ್ಯಾಂಬಿಯಾ ಇಂಗ್ಲಿಷರದು. ಹೀಗಾಗಿ ಒಂದೇ ಕುಲನಾಮ ಮಾಲಿಯಲ್ಲಿ 'ದಿಯಾಬಾತೆ' ಎಂದೂ ಗ್ಯಾಂಬಿಯಾದಲ್ಲಿ 'ಜೋಬಾರ್ತೆ' ಎಂದೂ ಬರೆಯಲ್ಪಡುತ್ತದೆ. ಸಿಸ್ಸೋಕೋ ಅಲ್ಲಿ 'ಸೂಸೊ' ಆಗುತ್ತದೆ. ಫ್ರೆಂಚ್ ಬರಹದಲ್ಲಿ 'ಊ' ಧ್ವನಿಗೆ ಓ ಮತ್ತು ಯು ಎಂಬ ಎರಡು ರೋಮನ್ ಅಕ್ಷರಗಳನ್ನು ಜೊತೆಯಾಗಿ ಬರೆಯುತ್ತಾರೆ, 'ಜ' ಧ್ವನಿಗೆ ಡಿ ಮತ್ತು ಜೆ ಅಕ್ಷರಗಳನ್ನು. ಕಿವಿಗೆ ಕೇಳಿದಂತೆ ಬರೆದು ಹುಡುಕಿ ಸಿಗದಿದ್ದರೆ ಈ ಬದಲಾವಣೆಗಳನ್ನು ಮಾಡಿ ನೋಡಿ. ಗ್ಯಾಂಬಿಯಾ ಮೂಲದ ಸೋನಾ ಜೋಬಾರ್ತೆ ಅವರನ್ನು ಹುಡುಕಲು ಇದು ಒಳ್ಳೆಯ ನೆಪ. ಗಂಡಸರ ವಾದ್ಯವಾಗಿಯೇ ಉಳಿದಿದ್ದ ಕೋರಾವನ್ನು ವೃತ್ತಿಯಾಗಿ ಸ್ವೀಕರಿಸಿ ಜಗತ್ತಿನ ವೇದಿಕೆಗಳಲ್ಲಿ ನುಡಿಸುತ್ತಿರುವ ಜೆಲಿ ಮನೆತನದ ಹೆಣ್ಣುಮಗಳು ಅವರು.

ಹನ್ನೆರಡು ಎಣಿಕೆಯ ಅಭ್ಯಾಸ

ಈ ಸಂಗೀತದ ಸಾಕಷ್ಟು ಪಾಲು ಹನ್ನೆರಡು ಮಾತ್ರೆಗಳ ಸುತ್ತಿನಲ್ಲಿ ನಡೆಯುತ್ತದೆ, ಮತ್ತು ಆ ಹನ್ನೆರಡನ್ನು ಏಕಕಾಲದಲ್ಲಿ ಎರಡು ಬಗೆಯಲ್ಲಿ ಪಾಲು ಮಾಡಲಾಗುತ್ತದೆ. ಕೊನ್ನಕ್ಕೋಲಿನ ಸೊಲ್ಲುಗಳು ಕಿವಿಗೆ ಬಿದ್ದಿರುವ ನಮಗೆ ಇದು ಸುಲಭ. ಬಾಯಲ್ಲಿ 'ತಕಿಟ' ಎಂಬುದನ್ನು ನಾಲ್ಕು ಬಾರಿ ಹೇಳುತ್ತ ಪ್ರತಿ 'ತ'ಕ್ಕೂ ಕಾಲು ತಟ್ಟಿ. ಅದೇ ವೇಗದಲ್ಲಿ ಈಗ 'ತಕಧಿಮಿ' ಎಂಬುದನ್ನು ಮೂರು ಬಾರಿ ಹೇಳಿ. ಎರಡೂ ಹನ್ನೆರಡೇ. ಕಾಲು ನಾಲ್ಕನ್ನು ತಟ್ಟುತ್ತಿರುವಾಗಲೇ ಕೈ ಮೂರನ್ನು ತಟ್ಟುವಂತಾದರೆ ನೀವು ಅರ್ಧ ದಾರಿ ಕ್ರಮಿಸಿದಂತೆ. ಆಮೇಲೆ ಕೈಯಿಂದ ಬಡಿಯುವ ಚರ್ಮವಾದ್ಯ ಜೆಂಬೆ ಅಥವಾ ಬಲಫೋನ್ ಇರುವ ಯಾವುದಾದರೂ ಹಾಡನ್ನು ಹಾಕಿಕೊಂಡು, ಯಾವ ವಾದ್ಯ ಮೂರರ ಕಡೆ ಇದೆ, ಯಾವುದು ನಾಲ್ಕರ ಕಡೆ ಇದೆ ಎಂದು ನೋಡಿ. ಒಳ್ಳೆಯ ವಾದಕರು ನಿಮ್ಮನ್ನು ಒಂದರಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗುವುದು ಅನುಭವಕ್ಕೆ ಬರುತ್ತದೆ.

ಸೆನೆಗಲ್ ದೇಶದ ಎಂಬಲಾಕ್ಸ್ ಎಂಬ ನೃತ್ಯಸಂಗೀತ ಮಾತ್ರ ಈ ಅಭ್ಯಾಸಕ್ಕೂ ಬಗ್ಗುವುದಿಲ್ಲ. ಸಬಾರ್ ಎಂಬ ಚರ್ಮವಾದ್ಯಗಳ ಗುಂಪು, ಕಂಕುಳಲ್ಲಿ ಹಿಡಿದು ಒತ್ತಿ ನುಡಿಸುವ ತಮಾ, ಅವುಗಳ ಮೇಲೆ ವಿದ್ಯುತ್ ಗಿಟಾರು. ಸಮ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಹಾಡು ಮುಗಿದಿರುತ್ತದೆ. ಆದ್ದರಿಂದ 1959ರಲ್ಲಿ ಡಾಕರ್‌ನಲ್ಲಿ ಹುಟ್ಟಿದ ಯೂಸೂ ಎನ್‌ದೂರ್ ಅವರ ಎಂಬಲಾಕ್ಸ್ ಹಾಡುಗಳನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಂಡು, ಸದ್ಯಕ್ಕೆ ಅವರ 2004ರ 'ಈಜಿಪ್ಟ್' ಆಲ್ಬಮ್ಮಿನಿಂದ ಶುರುಮಾಡಿ. ಸೂಫಿ ಗುರುಗಳನ್ನು ಸ್ಮರಿಸುವ ಆ ಹಾಡುಗಳಿಗೆ ಕೈರೊದ ವಾದ್ಯವೃಂದದ ಹಿಮ್ಮೇಳವಿದೆ, ಕಂಠವನ್ನು ನಿಧಾನವಾಗಿ ಪರಿಚಯ ಮಾಡಿಕೊಳ್ಳಬಹುದು.

ಸರ್ಕಾರಿ ಬ್ಯಾಂಡುಗಳು ಮತ್ತು ಕ್ಯೂಬಾದ ನಂಟು

1960, 70ರ ದಶಕಗಳ ನೃತ್ಯತಂಡಗಳನ್ನು ಬಿಟ್ಟು ಮುಂದೆ ಹೋಗುವವರು ಈ ಪ್ರದೇಶದ ಅತ್ಯಂತ ಸಂತೋಷದ ಸಂಗೀತವನ್ನು ಕಳೆದುಕೊಳ್ಳುತ್ತಾರೆ. ನಮ್ಮ ಹಿರಿಯರ ಮನೆಗಳಲ್ಲಿ ನಾಯಿಯ ಚಿತ್ರದ ಗ್ರಾಮಫೋನ್ ತಟ್ಟೆಗಳನ್ನು ಮಾರಿದ ಅದೇ ಎಚ್‌ಎಂವಿ ಕಂಪನಿ 1930ರ ದಶಕದಿಂದ ಕ್ಯೂಬಾದ ಹಾಡುಗಳನ್ನು 'ಜಿ.ವಿ.' ಎಂಬ ಸರಣಿಯಲ್ಲಿ ಆಫ್ರಿಕಾದ ಮಾರುಕಟ್ಟೆಗೆ ಕಳಿಸಿತು. ಗುಲಾಮರಾಗಿ ಹೋದವರ ತಾಳಗಳು ಸ್ಪ್ಯಾನಿಷ್ ಮಾತು ಕಲಿತು ಮರಳಿ ಬಂದಾಗ ಡಾಕರ್, ಕೊನಾಕ್ರಿ, ಬಮಾಕೊ ನಗರಗಳ ಯುವಕರು ಅವನ್ನು ತಮ್ಮವೆಂದೇ ಎತ್ತಿಕೊಂಡರು. 1958ರಲ್ಲಿ ಸ್ವತಂತ್ರವಾದ ಗಿನಿಯಂತೂ ಪ್ರಾಂತಕ್ಕೊಂದು ಬ್ಯಾಂಡನ್ನು ಸರ್ಕಾರದಿಂದಲೇ ಸಾಕಿ, ಹಳೆಯ ಜೆಲಿ ಹಾಡುಗಳನ್ನು ಗಿಟಾರು, ತುತ್ತೂರಿಗಳಿಗೆ ಅಳವಡಿಸಲು ಹೇಳಿತು. ಬೇಲಾ ಎಂಬ ಊರಿನಲ್ಲಿ ಹುಟ್ಟಿದ ಬೆಂಬೆಯಾ ಜಾಜ್ ತಂಡದ ಸೇಕೂ ದಿಯಾಬಾತೆ ಅವರಿಗೆ 'ವಜ್ರದ ಬೆರಳು' ಎಂಬ ಬಿರುದು ಸುಮ್ಮನೆ ಬಂದದ್ದಲ್ಲ. ಆ ಬ್ಯಾಂಡುಗಳು ಆಳುವವರನ್ನೂ ಹೊಗಳಬೇಕಿತ್ತೆಂಬುದು ಮರೆಯಬಾರದ ಸಂಗತಿ, ಆದರೆ ಗಿಟಾರಿಗೆ ಆ ಪಾಪ ತಟ್ಟುವುದಿಲ್ಲ.

ಬಮಾಕೊದಲ್ಲಿ ರೈಲು ನಿಲ್ದಾಣದ ಹೋಟೆಲಿನಲ್ಲಿ ನುಡಿಸಲೆಂದು 1970ರಲ್ಲಿ ಹುಟ್ಟಿದ್ದು ರೈಲ್ ಬ್ಯಾಂಡ್. ಸಾಲಿಫ್ ಕೇಯ್ತಾ ಅದರ ಗಾಯಕರಾಗಿದ್ದರು. ಅವರು ಬಿಟ್ಟುಹೋದ ಮೇಲೆ ಆ ಜಾಗಕ್ಕೆ ಬಂದವರು ನಮ್ಮ ಮೊದಲ ಪರಿಚಯದ ಮೋರಿ ಕಾಂತೆ. ಗಿಟಾರ್ ಹಿಡಿದವರು ಜೆಲಿಮಾದಿ ತುಂಕಾರಾ. ಮನುಷ್ಯರನ್ನು ಹಿಂಬಾಲಿಸಿ ಎಂದು ನಾನು ಹೇಳುವುದು ಇದಕ್ಕಾಗಿಯೇ. ಇದೇ ಜೆಲಿಮಾದಿ ಮತ್ತು ಎನ್‌ಗೋನಿ ಎಂಬ ತಂತಿವಾದ್ಯದ ವಾದಕ ಬಸೆಕೂ ಕುಯಾತೆ 1996ರಲ್ಲಿ ಹವಾನಾಕ್ಕೆ ಹೋಗಿ ಕ್ಯೂಬಾದ ಕಲಾವಿದರೊಡನೆ ನುಡಿಸಬೇಕಿತ್ತು. ಅವರು ತಲುಪಲಾಗಲಿಲ್ಲ. ಗೊತ್ತುಮಾಡಿದ್ದ ಸ್ಟುಡಿಯೊ ಖಾಲಿ ಉಳಿಯಬಾರದೆಂದು ಅಲ್ಲಿಯ ಹಿರಿಯರನ್ನೇ ಕೂಡಿಸಿ ಮಾಡಿದ ಧ್ವನಿಮುದ್ರಣವೇ ಜಗತ್ಪ್ರಸಿದ್ಧವಾದ 'ಬ್ಯೂನಾ ವಿಸ್ತಾ ಸೋಷಿಯಲ್ ಕ್ಲಬ್'. ಮೊದಲು ಅಂದುಕೊಂಡಿದ್ದ ಆಲ್ಬಮ್ 'ಆಫ್ರೊಕ್ಯೂಬಿಸಂ' ಎಂಬ ಹೆಸರಿನಲ್ಲಿ 2010ರಲ್ಲಿ ಹೊರಬಂತು.

ಈ ಬಗೆಯ ಸಂಗೀತದ ಒಂದೇ ಒಂದು ಆಲ್ಬಮ್ಮನ್ನು ಹೇಳಬೇಕಾದರೆ ಡಾಕರ್‌ನ ಆರ್ಕೆಸ್ಟ್ರಾ ಬಾವೊಬಾಬ್ 1982ರಲ್ಲಿ ನುಡಿಸಿದ 'ಪೈರೇಟ್ಸ್ ಚಾಯ್ಸ್' ಎನ್ನುತ್ತೇನೆ. ಗಿಟಾರಿನ ಬಾರ್ತೆಲೆಮಿ ಅತ್ತಿಸ್ಸೊ ಟೋಗೊ ದೇಶದಿಂದ ಕಾನೂನು ಓದಲು ಡಾಕರ್‌ಗೆ ಬಂದವರು. ತಂಡ ಒಡೆದಾಗ ಊರಿಗೆ ಮರಳಿ ವಕೀಲಿ ಮಾಡಿದರು, 2001ರಲ್ಲಿ ತಂಡ ಮತ್ತೆ ಕೂಡಿದಾಗ ಗಿಟಾರನ್ನು ಮತ್ತೆ ಎತ್ತಿಕೊಂಡರು. ರಾತ್ರಿ ಊಟದ ನಂತರ, ದೀಪ ತಗ್ಗಿಸಿ ಕೇಳಬೇಕಾದ ಸಂಗೀತ ಅದು.

ಲಾಗೋಸ್‌ಗೆ ಹೋಗುವ ಮುನ್ನ ತಾಳ್ಮೆ

ನೈಜೀರಿಯಾದ ಲಾಗೋಸ್ ನಗರದ ಫೇಲಾ ಕೂಟಿ (1938–1997) ಅವರ ಹಾಡುಗಳ ಬಗ್ಗೆ ಹೊಸಬರ ದೂರು ಅವು ಮುಗಿಯುವುದೇ ಇಲ್ಲವೆಂಬುದು. 'ಜಾಂಬಿ' ಎಂಬ 1976ರ ಹಾಡು ಹನ್ನೆರಡು ನಿಮಿಷಗಳಿಗೂ ಹೆಚ್ಚು ಸಾಗುತ್ತದೆ, ಮತ್ತು ಫೇಲಾ ಬಾಯಿ ತೆರೆಯುವ ಮೊದಲು ಹಲವು ನಿಮಿಷ ವಾದ್ಯಗಳದೇ ರಾಜ್ಯ. ಆಲಾಪನೆಗೆ ಅರ್ಧ ಗಂಟೆ ಕೊಡುವ ನಾವು ಇದಕ್ಕೆ ಗೊಣಗುವುದು ಸರಿಯಲ್ಲ. ಮೊದಲ ಸಲ ಟೋನಿ ಅಲೆನ್ (1940–2020) ಅವರ ಡ್ರಮ್ಸನ್ನು ಮಾತ್ರ ಕೇಳಿ. ಎರಡು ಕೈ, ಎರಡು ಕಾಲು ನಾಲ್ಕು ಬೇರೆ ಮಾತುಗಳನ್ನಾಡುತ್ತಿದ್ದರೂ ಸಂಭಾಷಣೆ ಕೆಡುವುದಿಲ್ಲ. ಎರಡನೆಯ ಸಲ ಮಾತಿಗೆ ಕಿವಿಗೊಡಿ: ನೈಜೀರಿಯಾದ ಆಡು ಇಂಗ್ಲಿಷಿನಲ್ಲಿ, ಹೇಳಿದ ಕಡೆಗೆಲ್ಲ ತಿರುಗುವ ಸೈನಿಕರನ್ನು ಅದು ಹೆಣಗಳೆಂದು ಗೇಲಿ ಮಾಡುತ್ತದೆ. 1977ರ ಫೆಬ್ರವರಿ 18ರಂದು ನೂರಾರು ಸೈನಿಕರು ಫೇಲಾ ಅವರ ಮನೆ 'ಕಲಕುಟಾ'ಗೆ ನುಗ್ಗಿ, ಬೆಂಕಿ ಇಟ್ಟು, ಸ್ತ್ರೀಹಕ್ಕುಗಳ ಹೋರಾಟಗಾರ್ತಿಯಾಗಿ ಹೆಸರಾಗಿದ್ದ ಅವರ ವೃದ್ಧ ತಾಯಿ ಫುನ್ಮಿಲಾಯೊ ರಾನ್ಸಮ್ ಕೂಟಿಯವರನ್ನು ಕಿಟಕಿಯಿಂದ ಹೊರಗೆಸೆದರು. ಮರುವರ್ಷ ಆ ತಾಯಿ ತೀರಿಕೊಂಡರು. ಇದನ್ನು ತಿಳಿದು ಕೇಳಿದಾಗ ಕುಣಿತದ ಹಾಡು ಬೇರೆಯೇ ಆಗುತ್ತದೆ. ಫೇಲಾ ಹೆಣ್ಣಿನ ಬಗ್ಗೆ ಹಾಡಿದ ಕೆಲವು ಮಾತುಗಳನ್ನು ನಾನು ಒಪ್ಪಲಾರೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಫೇಲಾ ಅವರದು ಆಫ್ರೊಬೀಟ್. ರೇಮಾ, ಬರ್ನಾ ಬಾಯ್, ವಿಜ್‌ಕಿಡ್ ಮೊದಲಾದವರದು ಆಫ್ರೊಬೀಟ್ಸ್. ಕೊನೆಯ ಒಂದಕ್ಷರದ ವ್ಯತ್ಯಾಸವಾದರೂ ಸಂಗೀತ ಬೇರೆ. ಹಾಡುಗಳ ಮಧ್ಯೆ ಉಸಿರಿಗಾಗಿ ಕಿಂಗ್ ಸನ್ನಿ ಅಡೆ ಅವರ 1982ರ 'ಜೂಜು ಮ್ಯೂಸಿಕ್' ಇಟ್ಟುಕೊಳ್ಳಿ (ಇಲ್ಲಿ ಜೂಜು ಎಂದರೆ ಯೊರುಬಾ ಜನರ ಒಂದು ಸಂಗೀತಪ್ರಕಾರ). ಅದರಲ್ಲಿ 'ಮಾತನಾಡುವ ಚರ್ಮವಾದ್ಯ' ಎಂಬುದು ಅಲಂಕಾರದ ಮಾತಲ್ಲ: ಯೊರುಬಾ ಭಾಷೆಯಲ್ಲಿ ಒಂದೇ ಪದ ಏರುಧ್ವನಿ, ಸಮಧ್ವನಿ, ಇಳಿಧ್ವನಿಗಳಿಗೆ ತಕ್ಕಂತೆ ಅರ್ಥ ಬದಲಿಸುವುದರಿಂದ, ಹಗ್ಗಗಳನ್ನು ಒತ್ತಿ ನಾದವನ್ನು ಏರಿಳಿಸುವ ವಾದ್ಯ ಗಾದೆಗಳನ್ನೇ ನುಡಿಯಬಲ್ಲುದು. ಉತ್ತರ ನೈಜೀರಿಯಾದ ಹೌಸಾ ಜನರ ನಡುವೆ ಹಿಂದಿ ಸಿನಿಮಾಗಳು ದಶಕಗಳಿಂದ ಮನೆಮಾತು, ಅಲ್ಲಿ ಹಿಂದಿ ಹಾಡುಗಳ ಧಾಟಿಗೆ ಪ್ರವಾದಿಯ ಸ್ತುತಿಯನ್ನು ಹೊಂದಿಸಿ ಹಾಡುವವರಿದ್ದಾರೆ. ಬಪ್ಪಿ ಲಾಹಿರಿಯವರ ಸಾಲ ಹೀಗೆ ಒಂದಷ್ಟು ತೀರಿದೆ.

ಅರ್ಥವನ್ನು ಯಾವಾಗ ಹುಡುಕಬೇಕು

ಬಂಬಾರಾ, ವೋಲೊಫ್, ಫುಲಾನಿ ಭಾಷೆಗಳು ತಿಳಿಯದೆ ಪ್ರೀತಿಸಬಹುದೇ ಎಂದು ಕೇಳುವವರಿದ್ದಾರೆ. ತೆಲುಗು ಬಾರದೆ ತ್ಯಾಗರಾಜರನ್ನು ಪ್ರೀತಿಸಿದವರ ನಾಡು ನಮ್ಮದು. ಆದರೂ ಧಾಟಿ ಮೈಗೂಡಿದ ಮೇಲೆ, ಅದಕ್ಕೂ ಮೊದಲಲ್ಲ, ಆಲ್ಬಮ್ಮಿನ ಜೊತೆಗಿನ ಪುಸ್ತಿಕೆಯಲ್ಲಿ ಅನುವಾದವನ್ನು ಓದಿ. ಊಮೂ ಸಂಗಾರೆ ಅವರ ವಿಷಯದಲ್ಲಿ ಇದು ಕಡ್ಡಾಯ. 1968ರಲ್ಲಿ ಬಮಾಕೊದಲ್ಲಿ ಹುಟ್ಟಿದ ಅವರ ಮೊದಲ ಕ್ಯಾಸೆಟ್ 'ಮುಸೊಲು' ಪಶ್ಚಿಮ ಆಫ್ರಿಕಾದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಾರಾಟವಾದಾಗ ಅವರಿಗೆ ಇಪ್ಪತ್ತೊಂದರ ಆಸುಪಾಸಿನ ವಯಸ್ಸು. ಆ ಪದಕ್ಕೆ 'ಹೆಂಗಸರು' ಎಂದರ್ಥ. ಹಾಡುಗಳ ವಸ್ತು ಬಲವಂತದ ಮದುವೆ, ಸವತಿಯರ ಸಂಸಾರ, ಹೆಣ್ಣಿನ ಆಸೆ. ಅವರು ಜೆಲಿಯಲ್ಲ. ಅವರ ತಾಯಿಯ ವಾಸುಲು ಸೀಮೆಯಲ್ಲಿ ಗಾಯಕರನ್ನು 'ಹಕ್ಕಿಗಳು' ಎನ್ನುತ್ತಾರೆ. ಹಾಡುವುದಕ್ಕೆ ಕುಲ ಬೇಡ. ಬೇಟೆಗಾರರ ಪವಿತ್ರ ವಾದ್ಯವನ್ನು ಯುವಕರು ಮನರಂಜನೆಗೆಂದು ಚಿಕ್ಕದಾಗಿಸಿದ ಕಮಲೆಎನ್‌ಗೋನಿ ಆ ಹಾಡುಗಳ ಕೆಳಗೆ ಪುಟಿಯುತ್ತಿರುತ್ತದೆ.

ಕೇಪ್ ವರ್ಡಿಯ ಸೆಸಾರಿಯಾ ಎವೊರಾ (1941–2011) ಅವರಿಗೆ ಅನುವಾದವೂ ಬೇಡ. ಮಿಂಡೆಲೊ ಬಂದರಿನ ಮದ್ಯದಂಗಡಿಗಳಲ್ಲಿ ಹಾಡಿ, ಐವತ್ತರ ವಯಸ್ಸಿನಲ್ಲಿ 'ಮಿಸ್ ಪರ್ಫುಮಾದೊ' (1992) ಮೂಲಕ ಜಗತ್ತಿಗೆ ಪರಿಚಿತರಾಗಿ, ವೇದಿಕೆಯ ಮೇಲೂ ಬರಿಗಾಲಿನಲ್ಲೇ ನಿಂತವರು. ಕಡಲಾಚೆ ಹೋದವರಿಗಾಗಿ ಉಳಿದವರ ಹಂಬಲವೇ ಅವರ 'ಸೊದಾದೆ'. ಮಗನೋ ಮಗಳೋ ವಿದೇಶದಲ್ಲಿರುವ ಮನೆಯವರು ಒಬ್ಬರೇ ಇದ್ದಾಗ ಕೇಳದಿರುವುದು ಒಳಿತು.

ಮರುಭೂಮಿಯ ಗಿಟಾರು

ಮತ್ತೆ ನದಿಯ ಬಾಗಿಗೆ ಬರೋಣ. ಅಲಿ ಫರ್ಕಾ ತೂರೆ ಅವರನ್ನು 'ಆಫ್ರಿಕಾದ ಬ್ಲೂಸ್ ಗಾಯಕ' ಎಂದು ಕರೆಯುವುದು ರೂಢಿ. ಅವರಿಗೆ ಅದು ಇಷ್ಟವಿರಲಿಲ್ಲ, ಬೇರು ತಮ್ಮಲ್ಲಿದ್ದು ಕೊಂಬೆ ಅಮೆರಿಕದಲ್ಲಿದೆ ಎಂಬುದು ಅವರ ನಿಲುವು. ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆಗಿನ 1994ರ 'ಟಾಕಿಂಗ್ ಟಿಂಬಕ್ಟು' ಕೇಳಿದರೆ ಇಬ್ಬರ ಮಾತೂ ಅರ್ಥವಾಗುತ್ತದೆ. ಇದೇ ಕೂಡರ್ ಹಿಂದಿನ ವರ್ಷವಷ್ಟೇ ನಮ್ಮ ಮೋಹನವೀಣೆಯ ವಿಶ್ವಮೋಹನ ಭಟ್ಟರ ಜೊತೆ ನುಡಿಸಿದ ಆಲ್ಬಮ್ ಹೊರಬಂದಿತ್ತು, ಎರಡಕ್ಕೂ ಗ್ರ್ಯಾಮಿ ದೊರೆಯಿತು. ಎರಡನ್ನೂ ಒಂದೇ ಸಂಜೆ ಕೇಳಿ ನೋಡಿ. ಅಲಿ ಮಾತ್ರ ಪ್ರಶಸ್ತಿಯ ನಂತರ ನಿಯಾಫುಂಕೆಯ ಹೊಲಕ್ಕೆ ಮರಳಿದರು. 1999ರ ಆಲ್ಬಮ್ಮಿಗಾಗಿ ಧ್ವನಿಮುದ್ರಣದ ಯಂತ್ರಗಳೇ ಜನರೇಟರ್ ಸಮೇತ ಆ ಊರಿಗೆ ಹೋಗಬೇಕಾಯಿತು. 2004ರಲ್ಲಿ ಅವರು ಆ ಊರಿನ ಮೇಯರೂ ಆದರು.

ಅವರ ಊರಿನಿಂದ ಉತ್ತರ ದಿಕ್ಕಿಗೆ ತುವಾರೆಗ್ ಜನರ ತಿನಾರಿವೆನ್ ತಂಡ. ಅದರ ಇಬ್ರಾಹಿಂ ಅಗ್ ಅಲ್ಹಬಿಬ್ ಬಾಲ್ಯದಲ್ಲಿ ತಗಡಿನ ಡಬ್ಬಿ, ಕೋಲು ಮತ್ತು ಸೈಕಲ್ ಬ್ರೇಕಿನ ತಂತಿಯಿಂದ ಮೊದಲ ಗಿಟಾರನ್ನು ಮಾಡಿಕೊಂಡವರು. ನೈಜರ್ ದೇಶದ ಎಮ್ದೂ ಮೊಕ್ತಾರ್ ಅವರ ಮೊದಲ ಗಿಟಾರೂ ಸೈಕಲ್ ತಂತಿಯದೇ. ಮೊಕ್ತಾರರ ಆರಂಭದ ಹಾಡುಗಳು ಅಂಗಡಿಗಳಲ್ಲಿ ಅಲ್ಲ, ಸಹಾರಾದ ಬಸ್ಸುಗಳಲ್ಲಿ, ಸಂತೆಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಬ್ಲೂಟೂತ್ ಮೂಲಕ ಹರಡಿದವು. ಅವರ 2021ರ 'ಆಫ್ರಿಕ್ ವಿಕ್ಟಿಮ್' ಆಲ್ಬಮ್ಮನ್ನು ಮಾತ್ರ ಜೋರಾಗಿಯೇ ಕೇಳಬೇಕು. ಪಕ್ಕದ ಮನೆಯವರಿಗೆ ಮೊದಲೇ ತಿಳಿಸಿರಿ. 2012ರಲ್ಲಿ ಉತ್ತರ ಮಾಲಿಯನ್ನು ಸಶಸ್ತ್ರ ಗುಂಪುಗಳು ಹಿಡಿದುಕೊಂಡು ಸಂಗೀತವನ್ನೇ ನಿಷೇಧಿಸಿದಾಗ ಬಮಾಕೊಗೆ ಓಡಿಬಂದ ಯುವಕರು ಕಟ್ಟಿದ ಸೊಂಘಾಯ್ ಬ್ಲೂಸ್ ತಂಡವನ್ನು ಇದರ ಪಕ್ಕದಲ್ಲಿಯೇ ಇಡಬಹುದು.

ದಾಖಲೆ, ಖರೀದಿ, ಕಛೇರಿ

ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಪುಟಕ್ಕೊಬ್ಬರಂತೆ ಕಲಾವಿದರ ಹೆಸರು, ಊರು, ವಾದ್ಯ, ಜೊತೆಗಾರರನ್ನು ಬರೆದಿಡಿ, ಹೊಸಬರು ಸಿಕ್ಕಾಗ ಹಳೆಯ ಪುಟಕ್ಕೆ ಗೆರೆ ಎಳೆಯಿರಿ. ಆರು ತಿಂಗಳಲ್ಲಿ ಆ ಗೆರೆಗಳೇ ಮುಂದೆ ಯಾರನ್ನು ಕೇಳಬೇಕೆಂದು ಹೇಳುತ್ತವೆ. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಜೊತೆಗಾರರ ಹೆಸರುಗಳು ಹಲವು ಬಾರಿ ಇರುವುದಿಲ್ಲ, ಪುಸ್ತಿಕೆಯಿರುವ ಸಿ.ಡಿ.ಗಳಿಗೆ ಬೆಲೆ ಬರುವುದು ಇದೇ ಕಾರಣಕ್ಕೆ. ಮೆಚ್ಚಿದ ಆಲ್ಬಮ್ಮನ್ನು ಬ್ಯಾಂಡ್‌ಕ್ಯಾಂಪಿನಂತಹ ತಾಣದಲ್ಲಿ ಕೊಂಡರೆ ಸ್ಟ್ರೀಮಿಂಗಿಗಿಂತ ಹೆಚ್ಚಿನ ಪಾಲು ಕಲಾವಿದರನ್ನು ತಲುಪುತ್ತದೆ. 'ವರ್ಲ್ಡ್ ಮ್ಯೂಸಿಕ್' ಎಂಬ ವಿಭಾಗದಲ್ಲಿ ಹುಡುಕುವುದು ಅನಿವಾರ್ಯವಾದರೆ, ಅದು 1987ರಲ್ಲಿ ಲಂಡನ್ನಿನ ಪಬ್ ಒಂದರಲ್ಲಿ ಸೇರಿದ ಧ್ವನಿಮುದ್ರಣ ಸಂಸ್ಥೆಗಳವರು ಅಂಗಡಿಯ ಕಪಾಟಿಗೆ ಅಂಟಿಸಲೆಂದು ಒಪ್ಪಿಕೊಂಡ ಚೀಟಿಯೇ ಹೊರತು ಯಾವ ಸಂಗೀತದ ಹೆಸರೂ ಅಲ್ಲವೆಂಬುದು ನೆನಪಿರಲಿ.

ಲಂಡನ್, ಪ್ಯಾರಿಸ್, ನ್ಯೂಯಾರ್ಕ್ ಕಡೆ ಇರುವ ಕನ್ನಡಿಗರಿಗೆ ಈ ಕಲಾವಿದರನ್ನು ಎದುರಿಗೇ ಕೇಳುವ ಭಾಗ್ಯವಿದೆ. ಕೋರಾ ಕಛೇರಿಗಾದರೆ ಸಾಧ್ಯವಾದಷ್ಟು ಮುಂದಿನ ಸಾಲಿನ ಟಿಕೆಟ್ ಕೊಳ್ಳಿ, ಹೆಬ್ಬೆರಳುಗಳು ಕಾಣಬೇಕು. ಯೊರುಬಾ ಸಮಾರಂಭಗಳಲ್ಲಿ ಜೂಜು ಗಾಯಕರ ಹಣೆಗೆ ನೋಟುಗಳನ್ನು ಅಂಟಿಸುವುದು, ಬಮಾಕೊದ ಮದುವೆಗಳಲ್ಲಿ ಜೆಲಿ ಹೆಂಗಸರ ಕೈಗೆ ಹಾಡಿನ ನಡುವೆಯೇ ಹಣ ಇಡುವುದು ಮರ್ಯಾದೆಯ ರೀತಿ. ಸಭಾಂಗಣದಲ್ಲಿ ಅದು ನಡೆಯದು; ಅಲ್ಲಿ ಬಾಗಿಲ ಬಳಿಯ ಮೇಜಿನ ಮೇಲೆ ತಂಡದವರೇ ಸಿ.ಡಿ. ಮಾರುತ್ತಿದ್ದರೆ ಒಂದನ್ನು ಕೊಂಡು, ಹಿಂದೆ ಕುಳಿತು ಎರಡನೆಯ ಗಿಟಾರ್ ನುಡಿಸಿದವರ ಹೆಸರನ್ನು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.